ಕಪ್ ಕೇಕ್ ಹೋಲಿಸುವಾಗ ಮೊದಲು ಮೇಲಿನ ಕ್ರೀಮ್ ತೆಗೆದಿಡಿ

ಪ್ರಶ್ನೆ: ಮೇಡಂ, ನಮ್ಮ ಮನೆ ಬೆಂಗಳೂರಿನ ಬನಶಂಕರಿಯಲ್ಲಿ. ಬರುವ ಏಪ್ರಿಲ್‌ನಲ್ಲಿ ಮಗಳಿಗೆ ಆರು ವರ್ಷ ತುಂಬುತ್ತದೆ. ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ ಸಂಜೆ ನಾಲ್ಕು ಗಂಟೆಗೆ ಪಾರ್ಟಿ. ಮಕ್ಕಳೇ ನಲವತ್ತು ಜನ. ದೊಡ್ಡ ಕೇಕ್ ಬದಲು ಕಪ್ ಕೇಕ್ ಕೊಡೋಣ ಅಂತಿದ್ದೇವೆ. ನಮ್ಮ ಬೀದಿಯ ಅಯ್ಯಂಗಾರ್ ಬೇಕರಿಯಲ್ಲಿ ಒಂದಕ್ಕೆ 25 ರೂಪಾಯಿ. ಊರೆಲ್ಲಾ ಶಾಖೆ ಇರುವ ಒಂದು ಕೇಕ್ ಅಂಗಡಿಯಲ್ಲಿ 80. ಇಂದಿರಾನಗರದ ಒಂದು ಕೆಫೆಯಲ್ಲಿ 160. ಮನೆಯಲ್ಲೇ ಮಾಡಿಕೊಡುವ ಒಬ್ಬರು 70 ಹೇಳುತ್ತಾರೆ. ನಾಲ್ಕನ್ನೂ ತಂದು ತಿಂದು ನೋಡಿದೆವು. ಯಜಮಾನರಿಗೆ ಅಯ್ಯಂಗಾರ್ ಬೇಕರಿಯದೇ ಇಷ್ಟ. ನನಗೆ ಕೆಫೆಯದು. ಮಗಳಿಗೆ ಬಣ್ಣದ ಕ್ರೀಮ್ ಜಾಸ್ತಿ ಇರುವುದೇ ಬೇಕು. ಅತ್ತೆ ಮಾವ ಮೊಟ್ಟೆ ಹಾಕಿದ್ದು ತಿನ್ನುವುದಿಲ್ಲ. ಇವುಗಳನ್ನು ಸರಿಯಾಗಿ ಹೋಲಿಸುವುದು ಹೇಗೆ? 160 ರೂಪಾಯಿಯದಕ್ಕೆ ನಿಜವಾಗಿ ಅಷ್ಟು ಬೆಲೆ ಇದೆಯಾ?

ಉತ್ತರ: ನಾಲ್ಕನ್ನೂ ತಂದು ತಿಂದು ನೋಡಿದ್ದೀರಲ್ಲ, ಅದು ನನಗೆ ತುಂಬಾ ಖುಷಿ ಕೊಟ್ಟಿತು. ಹೆಚ್ಚಿನವರು ಫೋಟೋ ನೋಡಿ ಆರ್ಡರ್ ಕೊಟ್ಟುಬಿಡುತ್ತಾರೆ. ಆದರೆ ನಿಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದ್ದಕ್ಕೆ ನಾಲಿಗೆಯ ವ್ಯತ್ಯಾಸ ಮಾತ್ರ ಕಾರಣ ಅಲ್ಲ. ಯಜಮಾನರು ಕೇಕ್ ತಿಂದು ಹೇಳಿದ್ದಾರೆ. ನೀವು ಕೇಕ್, ಕ್ರೀಮ್ ಎರಡನ್ನೂ ಸೇರಿಸಿ ಹೇಳಿದ್ದೀರಿ. ಮಗಳು ಕಣ್ಣಲ್ಲೇ ತಿಂದು ಹೇಳಿದ್ದಾಳೆ. ಮೂವರೂ ಮೂರು ಬೇರೆ ಬೇರೆ ವಸ್ತುಗಳ ಬಗ್ಗೆ ಮಾತಾಡಿದ್ದೀರಿ, ಅಷ್ಟೇ.

ನಾನು ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರದಲ್ಲಿ ಕಲಿತವಳು. ಈಗ ಹಲವು ವರ್ಷಗಳಿಂದ ಬೇಕಿಂಗ್ ಕಲಿಸುತ್ತಿದ್ದೇನೆ. ಪ್ರತಿ ಹೊಸ ಬ್ಯಾಚಿಗೂ ಮೊದಲ ವಾರವೇ ಒಂದು ಕೆಲಸ ಕೊಡುತ್ತೇನೆ. ಬೇರೆ ಬೇರೆ ಅಂಗಡಿಗಳಿಂದ ವೆನಿಲ್ಲಾ ಕಪ್ ಕೇಕ್ ತನ್ನಿ, ಮೇಲಿನ ಕ್ರೀಮನ್ನು ಚಾಕುವಿನಿಂದ ಪೂರ್ತಿ ತೆಗೆದು ಬೇರೆ ತಟ್ಟೆಯಲ್ಲಿಡಿ, ಆಮೇಲೆ ಬರೀ ಕೇಕ್ ತಿನ್ನಿ ಅನ್ನುತ್ತೇನೆ. ಕ್ರೀಮಿನಲ್ಲಿ ಸಕ್ಕರೆ ತುಂಬಾ ಇರುತ್ತದೆ. ಅದು ನಾಲಿಗೆಗೆ ತಾಗಿದ ಮೇಲೆ ಕೆಳಗಿನ ಕೇಕ್ ಒಣಗಿದೆಯೋ, ಎಸೆನ್ಸ್ ಜಾಸ್ತಿಯಾಗಿದೆಯೋ, ಹಳೆಯದೋ, ಯಾವುದೂ ಗೊತ್ತಾಗುವುದಿಲ್ಲ. ಕೆಟ್ಟ ಕೇಕಿನ ಮೇಲೆ ದಪ್ಪಗೆ ಕ್ರೀಮ್ ಹಾಕಿದರೆ ಹತ್ತರಲ್ಲಿ ಎಂಟು ಜನ ಚೆನ್ನಾಗಿದೆ ಅಂತಲೇ ಹೇಳುತ್ತಾರೆ.

ವೆನಿಲ್ಲಾವೇ ಯಾಕೆ ಅಂದರೆ, ಅದರಲ್ಲಿ ಬಚ್ಚಿಡಲು ಜಾಗ ಇಲ್ಲ. ಚಾಕೊಲೇಟಿನಲ್ಲಿ ಕೋಕೋದ ಕಹಿ ಎಷ್ಟೋ ತಪ್ಪುಗಳನ್ನು ಮುಚ್ಚುತ್ತದೆ. ಒಂದು ಅಂಗಡಿಯ ಚಾಕೊಲೇಟನ್ನು ಇನ್ನೊಂದು ಅಂಗಡಿಯ ಬ್ಲೂಬೆರಿ ಜೊತೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಒಂದೇ ರುಚಿ, ಒಂದೇ ದಿನ, ಸಾಧ್ಯವಾದರೆ ಒಂದೇ ಹೊತ್ತು.

ಒಂದು ಶನಿವಾರ ನಡೆದದ್ದು ಹೇಳುತ್ತೇನೆ. ಐದು ಕಡೆಯಿಂದ ವೆನಿಲ್ಲಾ ಕಪ್ ಕೇಕ್ ತರಿಸಿದ್ದೆ. ಬೆಲೆಗಳು ಹೆಚ್ಚು ಕಡಿಮೆ ನಿಮ್ಮ ಪಟ್ಟಿಯ ಹಾಗೇ ಇದ್ದವು. ಕ್ರೀಮ್ ತೆಗೆದು, ಪೇಪರ್ ಬಿಡಿಸಿ, ತಟ್ಟೆಗಳ ಕೆಳಗೆ ಚೀಟಿ ಅಂಟಿಸಿ ಆರು ಜನಕ್ಕೆ ಕೊಟ್ಟೆ. ಯಾವುದು ಎಲ್ಲಿಯದು ಅಂತ ಯಾರಿಗೂ ಗೊತ್ತಿಲ್ಲ. ಅವತ್ತು ಬೆಳಗ್ಗೆ ಬೇಯಿಸಿದ, ಬೀದಿ ಬದಿ ಬೇಕರಿಯ ಪುಟ್ಟ ಕಪ್ ಕೇಕ್ ಎರಡನೆಯದಾಗಿ ಬಂತು. ಎಲ್ಲಕ್ಕಿಂತ ದುಬಾರಿಯದು ಕೊನೆಗೆ ಹೋಯಿತು. ಗಟ್ಟಿಯಾಗಿದೆ, ಪುಡಿ ಪುಡಿಯಾಗುತ್ತದೆ, ವಾಸನೆಯೇ ಇಲ್ಲ ಅಂದರು. ನನಗೆ ಅನುಮಾನ ಬಂತು. ಆ ಅಂಗಡಿಯವರು ಬೆಣ್ಣೆ ಬಿಟ್ಟು ಬೇರೆ ಹಾಕುವುದಿಲ್ಲ ಅಂತ ನನಗೆ ಗೊತ್ತಿತ್ತು. ಉಳಿದ ತುಂಡುಗಳನ್ನು ಮುಚ್ಚಿಟ್ಟು ಒಂದೂವರೆ ಗಂಟೆ ಬಿಟ್ಟು ಮತ್ತೆ ಅದೇ ಆರು ಜನಕ್ಕೆ ಕೊಟ್ಟೆ. ಈ ಸಲ ಅದೇ ಮೊದಲನೆಯದು.

ತಪ್ಪು ನನ್ನದು. ಅದು ಚಿಲ್ಲರ್‌ನಿಂದ ನೇರ ನನ್ನ ಮೇಜಿಗೆ ಬಂದಿತ್ತು. ಬೆಣ್ಣೆಯಿಂದ ಮಾಡಿದ ಕೇಕ್ ತಣ್ಣಗಿದ್ದರೆ ಒಳಗಿನ ಬೆಣ್ಣೆ ಗಟ್ಟಿಯಾಗಿರುತ್ತದೆ. ಫ್ರಿಜ್ಜಿನಿಂದ ತೆಗೆದ ಬೆಣ್ಣೆ ಬ್ರೆಡ್ಡಿಗೆ ಸವರಲು ಬರುತ್ತದಾ? ಕೇಕಿನ ಒಳಗೂ ಅದೇ ಕಥೆ. ಎಣ್ಣೆಯಿಂದ ಮಾಡಿದ ಕೇಕಿಗೆ ಈ ತೊಂದರೆ ಇಲ್ಲ, ಎಣ್ಣೆ ತಣ್ಣಗಿದ್ದರೂ ದ್ರವವೇ. ಹಾಗಾಗಿ ಎರಡನ್ನೂ ಫ್ರಿಜ್ಜಿನಿಂದ ತೆಗೆದ ತಕ್ಷಣ ತಿಂದರೆ ಎಣ್ಣೆಯದೇ ಯಾವಾಗಲೂ ಗೆಲ್ಲುತ್ತದೆ. ಕೆಫೆಯದನ್ನು ನೀವು ಹೇಗೆ ತಿಂದಿರೋ ಗೊತ್ತಿಲ್ಲ. ತಂದ ತಕ್ಷಣ ತಿಂದಿದ್ದರೆ ಮತ್ತೊಮ್ಮೆ ತಂದು, ಒಂದು ಗಂಟೆ ಹೊರಗಿಟ್ಟು ತಿಂದು ನೋಡಿ. ಯಜಮಾನರೂ ಮನಸ್ಸು ಬದಲಿಸಬಹುದು.

ಫ್ರಿಜ್ಜಿನ ವಿಷಯ ಇಲ್ಲಿಗೇ ಮುಗಿಯುವುದಿಲ್ಲ. ಬೆಂದ ಮೈದಾದೊಳಗಿನ ಪಿಷ್ಟ, ಅಂದರೆ ಸ್ಟಾರ್ಚ್, ತಣ್ಣಗಾಗುತ್ತಾ ಹೋದ ಹಾಗೆ ಮತ್ತೆ ಗಟ್ಟಿಯಾಗಲು ಶುರುವಾಗುತ್ತದೆ. ನೆನ್ನೆಯ ಅನ್ನವನ್ನು ಫ್ರಿಜ್ಜಿನಲ್ಲಿಟ್ಟರೆ ಅಗುಳು ಬಿರುಸಾಗುತ್ತದಲ್ಲ, ಅದೇ ಇದು. ಈ ಕೆಲಸ ಅತಿ ಬೇಗ ಆಗುವುದು ಫ್ರಿಜ್ಜಿನ ಚಳಿಯಲ್ಲೇ. ಹೊರಗೆ ಡಬ್ಬಿಯಲ್ಲಿಟ್ಟರೆ ನಿಧಾನ. ಫ್ರೀಜರಿನಲ್ಲಿ ಹೆಚ್ಚು ಕಡಿಮೆ ನಿಂತೇ ಹೋಗುತ್ತದೆ. ಸಕ್ಕರೆ, ಕೊಬ್ಬು ಚೆನ್ನಾಗಿರುವ ಕೇಕಿನಲ್ಲಿ ಬ್ರೆಡ್ಡಿನಷ್ಟು ಜೋರಾಗಿ ಆಗುವುದಿಲ್ಲ, ಆದರೂ ಆಗುತ್ತದೆ. ಕಪ್ ಕೇಕ್ ಸಣ್ಣದು ಬೇರೆ. ಒಂದು ಕೆ.ಜಿ. ಕೇಕಿಗಿಂತ ಇದಕ್ಕೆ ಗಾಳಿ ತಾಗುವ ಮೈ ಜಾಸ್ತಿ. ಅದಕ್ಕೇ ದೊಡ್ಡ ಕೇಕ್ ಮೂರನೆಯ ದಿನವೂ ಚೆನ್ನಾಗಿರುತ್ತದೆ, ಕಪ್ ಕೇಕ್ ಎರಡನೆಯ ದಿನವೇ ಸಪ್ಪೆಯಾಗುತ್ತದೆ. ಅಂಗಡಿಯಲ್ಲಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ. "ಇದನ್ನ ಯಾವತ್ತು ಬೇಯಿಸಿದ್ದು?" ಅಂತ ಕೇಳಿ. ಉತ್ತರ ಕೊಡಲು ಹಿಂದೆ ಮುಂದೆ ನೋಡುವ ಕಡೆ ನಾನು ಕೊಳ್ಳುವುದಿಲ್ಲ.

ಈಗ ಕೇಕನ್ನು ಕೈಯಲ್ಲಿ ಹಿಡಿಯಿರಿ. ಪೇಪರ್ ಬಿಡಿಸಿ ನೋಡಿ. ಪೇಪರ್ ಮೊದಲೇ ಕೇಕಿನಿಂದ ದೂರ ಸರಿದು ನಿಂತಿದ್ದರೆ, ಬಿಸಿ ಆರುವ ಮೊದಲೇ ಡಬ್ಬಿಗೆ ತುಂಬಿದ್ದಾರೆ, ಹಬೆ ಒಳಗೇ ಸುತ್ತಿದೆ ಅಂತ ಹೆಚ್ಚಿನ ಸಲ ಅರ್ಥ. ಪೇಪರಿಗೆ ಎಣ್ಣೆ ಪಸೆ ಇಳಿದು ಪಾರದರ್ಶಕ ಆಗಿದ್ದರೆ ಕೊಬ್ಬು ಹಿಟ್ಟಿನ ಜೊತೆ ಸರಿಯಾಗಿ ಸೇರಿಲ್ಲ. ಆಮೇಲೆ ಮೇಲಿನಿಂದ ಕೆಳಗೆ ಎರಡು ಹೋಳು ಮಾಡಿ. ಒಳ್ಳೆಯ ಬೆಣ್ಣೆ ಕೇಕಿನಲ್ಲಿ ತೂತುಗಳು ಸಣ್ಣವು, ಆದರೆ ಎಲ್ಲವೂ ಒಂದೇ ಅಳತೆಯವಲ್ಲ. ಉದ್ದಕ್ಕೆ ಸುರಂಗದ ಹಾಗೆ ತೂತು ಕಂಡರೆ ಹಿಟ್ಟನ್ನು ಜಾಸ್ತಿ ಕಲಸಿದ್ದಾರೆ. ಮೈದಾ ಹಾಕಿದ ಮೇಲೆ ಕಲಸಿದಷ್ಟೂ ಅಂಟು ಬರುತ್ತದೆ. ಚಪಾತಿಗೆ ಅದು ಬೇಕು, ಕೇಕಿಗೆ ಬೇಡ.

ಎಲ್ಲ ತೂತುಗಳೂ ಅಚ್ಚಿನಲ್ಲಿ ಒತ್ತಿದ ಹಾಗೆ ಒಂದೇ ಸಮ ಇದ್ದು, ಬೆರಳಿಂದ ಒತ್ತಿದರೆ ಸ್ಪಂಜಿನ ಹಾಗೆ ಪಟ್ಟನೆ ಎದ್ದರೆ ಅದು ಬಹುಮಟ್ಟಿಗೆ ಪ್ರೀಮಿಕ್ಸ್, ಅಂದರೆ ಮೊದಲೇ ಬೆರೆಸಿಟ್ಟ ಕೇಕಿನ ಪುಡಿ, ಅಥವಾ ಕೇಕ್ ಜೆಲ್ ಹಾಕಿದ್ದು. ಜೆಲ್ ಅಂದರೆ ನೀರು ಮತ್ತು ಕೊಬ್ಬನ್ನು ಹಿಡಿದು ಕೂರಿಸುವ ವಸ್ತು, ಗಾಳಿಯನ್ನೂ ಚೆನ್ನಾಗಿ ಹಿಡಿಯುತ್ತದೆ. ಅದನ್ನು ಹಾಕುವುದು ತಪ್ಪೂ ಅಲ್ಲ, ಕಾನೂನಿಗೆ ವಿರುದ್ಧವೂ ಅಲ್ಲ. ದಿನಕ್ಕೆ ಸಾವಿರ ಕೇಕ್ ಮಾಡುವವರಿಗೆ ಪ್ರತಿ ಟ್ರೇ ಒಂದೇ ಥರ ಬರಬೇಕು. ಆದರೆ ಬಾಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಅಂಥ ಕೇಕ್ ಮೊದಲ ತುತ್ತಿಗೆ ತುಂಬಾ ಮೆತ್ತಗೆ. ಅಗಿಯುತ್ತಾ ಹೋದರೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ, ರುಚಿ ಬೇಗ ಮುಗಿದುಹೋಗುತ್ತದೆ. ಬೆಣ್ಣೆ ಕೇಕ್ ತದ್ವಿರುದ್ಧ. ಮೊದಲು ಸ್ವಲ್ಪ ಭಾರ ಅನ್ನಿಸುತ್ತದೆ, ನುಂಗಿದ ಮೇಲೂ ರುಚಿ ಉಳಿಯುತ್ತದೆ.

ಮನೆಯಲ್ಲಿ ಮಾಡಿಕೊಡುವವರ ಕೇಕಿನ ನಡುಭಾಗ ಕುಸಿದಿದೆಯಾ ನೋಡಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಂದರೆ 3,000 ಅಡಿ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಬೇಕಿಂಗ್ ಪೌಡರ್ ಸ್ವಲ್ಪ ಜಾಸ್ತಿಯೇ ಉಬ್ಬಿಸುತ್ತದೆ. ಅಮೆರಿಕದ ಅಳತೆಯನ್ನು ಇದ್ದ ಹಾಗೇ ಇಲ್ಲಿ ಬಳಸಿದರೆ ಕೆಲವು ಸಲ ಕೇಕ್ ಬೇಗ ಎದ್ದು, ಗಟ್ಟಿಯಾಗುವ ಮೊದಲೇ ನಡುವೆ ಕೂತುಬಿಡುತ್ತದೆ. ಆ ಹಳ್ಳಕ್ಕೆ ಕ್ರೀಮ್ ತುಂಬಿದರೆ ಹೊರಗೆ ಕಾಣುವುದಿಲ್ಲ. ಅನುಭವ ಇರುವವರು ಪೌಡರನ್ನು ಒಂದು ಚಿಟಿಕೆ ಕಡಿಮೆ ಮಾಡಿಕೊಂಡಿರುತ್ತಾರೆ.

ಪರಿಮಳದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನಮ್ಮಲ್ಲಿ ವೆನಿಲ್ಲಾ ಅಂದರೆ ಬಾಟಲಿಯ ಎಸೆನ್ಸ್. ಅದರಲ್ಲಿರುವುದು ಕಾರ್ಖಾನೆಯಲ್ಲಿ ಮಾಡಿದ ವೆನಿಲಿನ್. ನಿಜವಾದ ವೆನಿಲ್ಲಾ ಒಂದು ಆರ್ಕಿಡ್ ಬಳ್ಳಿಯ ಕೋಡು. ಮಲೆನಾಡಿನವರಿಗೆ ಈ ಬಳ್ಳಿ ಚೆನ್ನಾಗಿ ಗೊತ್ತು. 2003ರ ಸುಮಾರಿಗೆ ಬೆಲೆ ಆಕಾಶಕ್ಕೆ ಏರಿದಾಗ ಉತ್ತರ ಕನ್ನಡ, ಶಿವಮೊಗ್ಗ, ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲೆಲ್ಲಾ ಹಬ್ಬಿಸಿದ್ದರು. ನಮ್ಮಲ್ಲಿ ಇದರ ಹೂವಿಗೆ ಪರಾಗ ಮುಟ್ಟಿಸುವ ಹುಳು ಇಲ್ಲ. ಬೆಳಗ್ಗೆ ಎದ್ದು ಒಂದೊಂದು ಹೂವಿಗೂ ಕಡ್ಡಿಯಿಂದ ಕೈಯಾರೆ ಮಾಡಬೇಕು. ಒಂದೆರಡು ವರ್ಷದಲ್ಲೇ ಬೆಲೆ ನೆಲ ಕಚ್ಚಿತು, ಎಷ್ಟೋ ಮನೆಯವರು ಬಳ್ಳಿ ಕಿತ್ತು ಹಾಕಿದರು. ಅಷ್ಟು ಶ್ರಮದ ವಸ್ತು 25 ರೂಪಾಯಿಯ ಕೇಕಿನಲ್ಲಿ ಇರಲು ಸಾಧ್ಯವಿಲ್ಲ, ಅದನ್ನು ನಿರೀಕ್ಷಿಸುವುದೂ ಸರಿಯಲ್ಲ. ಆದರೆ 160 ರೂಪಾಯಿ ತೆಗೆದುಕೊಳ್ಳುವವರ ಕೇಕಿನಲ್ಲಿ ಎಸೆನ್ಸ್ ವಾಸನೆ ಮೂಗಿಗೆ ಹೊಡೆದರೆ ನನಗೆ ಬೇಜಾರಾಗುತ್ತದೆ. ನಿಜವಾದ ವೆನಿಲ್ಲಾ ಡಬ್ಬಿ ತೆಗೆದ ಕೂಡಲೇ ಘಮ್ಮೆನ್ನುವುದಿಲ್ಲ. ಅಗಿಯುವಾಗ ನಿಧಾನವಾಗಿ ಬರುತ್ತದೆ. ಕ್ರೀಮಿನಲ್ಲೋ ಕೇಕಿನಲ್ಲೋ ಸಣ್ಣ ಸಣ್ಣ ಕಪ್ಪು ಚುಕ್ಕೆ ಕಾಣುವುದೂ ಉಂಟು.

ಈಗ ಪಕ್ಕಕ್ಕಿಟ್ಟ ಕ್ರೀಮಿನ ತಟ್ಟೆಗೆ ಬನ್ನಿ. ನಿಮ್ಮ ಪಾರ್ಟಿಗೆ ಇದೇ ದೊಡ್ಡ ವಿಷಯ. ಏಪ್ರಿಲ್ ತಿಂಗಳ ಟೆರೇಸ್, ಸಂಜೆ ನಾಲ್ಕು ಗಂಟೆ, ನೆಲದ ಕಾವು ಇನ್ನೂ ಇಳಿದಿರುವುದಿಲ್ಲ.

ಬೆಂಗಳೂರಿನ ಬೇಕರಿಗಳಲ್ಲಿ ಕ್ರೀಮ್ ಅಂದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು. ಒಂದು, ವಿಪ್ಪಿಂಗ್ ಕ್ರೀಮ್ ಅಂತ ಪ್ಯಾಕೆಟಿನಲ್ಲಿ ಬರುವುದು. ಬಹಳಷ್ಟು ಕಡೆ ಇದನ್ನೇ ಫ್ರೆಶ್ ಕ್ರೀಮ್ ಅನ್ನುತ್ತಾರೆ. ಹೆಚ್ಚಿನ ಪ್ಯಾಕೆಟುಗಳಲ್ಲಿ ಹಾಲಿನ ಕೊಬ್ಬು ಇರುವುದಿಲ್ಲ. ತಾಳೆ ಬೀಜದ ಎಣ್ಣೆಯಂಥ ಸಸ್ಯಕೊಬ್ಬು, ಸಕ್ಕರೆ, ನೀರು, ಅದನ್ನು ಹಿಡಿದಿಡುವ ವಸ್ತುಗಳು ಇರುತ್ತವೆ. ಬೀಟ್ ಮಾಡಿದರೆ ಮೂರು ಪಟ್ಟಿಗಿಂತ ಜಾಸ್ತಿ ಉಬ್ಬುತ್ತದೆ. ಎತ್ತರದ ಸುರುಳಿ, ಹೂವು ಎಲ್ಲಾ ಚೆನ್ನಾಗಿ ನಿಲ್ಲುತ್ತದೆ. ಇನ್ನೊಂದು, ಬೆಣ್ಣೆಯ ಐಸಿಂಗ್, ಅಂದರೆ ಬಟರ್‌ಕ್ರೀಮ್. ಬೆಣ್ಣೆಗೆ ಅದರ ಎರಡು ಪಟ್ಟು ತೂಕದಷ್ಟು ಸಕ್ಕರೆ ಪುಡಿ ಹಾಕಿ ಬೀಟ್ ಮಾಡುವುದು ಸುಲಭದ ವಿಧಾನ. ಮೊಟ್ಟೆಯ ಬಿಳಿಭಾಗ ಮತ್ತು ಸಕ್ಕರೆಯನ್ನು ಬಿಸಿ ಮಾಡಿ, ನೊರೆ ಬರಿಸಿ, ಆಮೇಲೆ ಬೆಣ್ಣೆ ಸೇರಿಸುವ ಸ್ವಿಸ್ ವಿಧಾನವೂ ಇದೆ. ಕೆಫೆಗಳಲ್ಲಿ ಅದು ಸಿಗುತ್ತದೆ, ಅಷ್ಟು ಸಿಹಿ ಇರುವುದಿಲ್ಲ. ಅತ್ತೆ ಮಾವನಿಗಾಗಿ ಇದನ್ನು ನೆನಪಿಡಿ. ಕೇಕ್ ಎಗ್‌ಲೆಸ್ ಇದ್ದು ಕ್ರೀಮಿನಲ್ಲಿ ಮೊಟ್ಟೆ ಇರಬಹುದು.

ಎರಡನ್ನೂ ಗುರುತಿಸುವುದು ಸುಲಭ. ಒಂದು ಚಮಚ ಕ್ರೀಮನ್ನು ತಟ್ಟೆಯಲ್ಲಿ ಹಾಕಿ ಒಂದು ಗಂಟೆ ಅಡುಗೆಮನೆಯಲ್ಲಿಡಿ. ಬೆಣ್ಣೆಯದಾದರೆ ಮೆತ್ತಗಾಗಿ, ಅಂಚಿನಲ್ಲಿ ಹೊಳಪು ಬರುತ್ತದೆ. ಹಾಲಿನ ಕೊಬ್ಬು 30 ಡಿಗ್ರಿ ದಾಟಿದರೆ ಹಿಡಿತ ಬಿಡುತ್ತದೆ, 35ರ ಹೊತ್ತಿಗೆ ಹೆಚ್ಚು ಕಡಿಮೆ ಪೂರ್ತಿ ಕರಗುತ್ತದೆ. ಬಾಯಿಗೆ ಹಾಕಿದ ಕೂಡಲೇ ಕರಗಿ ಹೋಗುವುದೂ ಇದೇ ಕಾರಣಕ್ಕೆ. ಸಸ್ಯಕೊಬ್ಬಿನದು ಆಕಾರ ಕೆಡಿಸಿಕೊಳ್ಳದೆ ಹಾಗೇ ಮಂಕಾಗಿ ಕೂತಿರುತ್ತದೆ. ತಿಂದ ಮೇಲೆ ಒಂದು ಗುಟುಕು ತಣ್ಣೀರು ಕುಡಿಯಿರಿ. ಅಂಗುಳದ ಮೇಲೆ ಮೇಣ ಸವರಿದ ಹಾಗೆ ಪೊರೆ ಉಳಿದರೆ ಬೆಣ್ಣೆ ಅಲ್ಲ.

ರುಚಿಗೆ ಬೆಣ್ಣೆಯೇ ಮೇಲು, ಈ ವಿಷಯದಲ್ಲಿ ನನ್ನ ಮನಸ್ಸು ಗಟ್ಟಿ. ಆದರೆ ನಿಮ್ಮ ಟೆರೇಸಿನ ಮೇಲೆ, ಬಿಸಿಲಲ್ಲಿ, ಕೆಫೆಯ ಕಪ್ ಕೇಕಿನ ಸುರುಳಿ ಅರ್ಧ ಗಂಟೆ ನಿಂತರೆ ಹೆಚ್ಚು. 160 ರೂಪಾಯಿಯಂತೆ ನಲವತ್ತಕ್ಕೆ 6,400 ಕೊಟ್ಟು, ಕರಗಿ ಹರಿದ ಕ್ರೀಮನ್ನು ಮಕ್ಕಳ ಬಟ್ಟೆಯಿಂದ ಒರೆಸುವುದು ನನಗಂತೂ ಬೇಡ ಅನ್ನಿಸುತ್ತದೆ.

ಡಾಲ್ಡಾ, ಮಾರ್ಗರಿನ್ ಬಗ್ಗೆ ಭಯ ಇರುವ ತಾಯಂದಿರು ನನ್ನನ್ನು ತುಂಬಾ ಕೇಳುತ್ತಾರೆ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆ ಭಯಕ್ಕೆ ಕಾರಣ ಟ್ರಾನ್ಸ್ ಕೊಬ್ಬು, ಅಂದರೆ ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ, ಹೃದಯಕ್ಕೆ ಒಳ್ಳೆಯದಲ್ಲದ ಕೊಬ್ಬು. ಎಣ್ಣೆ, ಕೊಬ್ಬುಗಳಲ್ಲಿ ಅದರ ಮಿತಿಯನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2021ರಲ್ಲಿ ಶೇಕಡಾ 3ಕ್ಕೆ, 2022ರಿಂದ ಶೇಕಡಾ 2ಕ್ಕೆ ಇಳಿಸಿದೆ. ಹತ್ತು ವರ್ಷದ ಹಿಂದಿನ ಸ್ಥಿತಿ ಈಗ ಇಲ್ಲ. ಹಾಗಂತ ದಿನಾ ತಿನ್ನುವ ವಸ್ತುವೂ ಅಲ್ಲ ಅದು. ಹುಟ್ಟುಹಬ್ಬಕ್ಕೆ ಒಂದು ತಿಂದರೆ ಚಿಂತೆ ಮಾಡಬೇಡಿ.

ಚಿಂತೆ ಮಾಡಬೇಕಾದ್ದು ಬಣ್ಣದ ಬಗ್ಗೆ. ಮಗಳಿಗೆ ಬಣ್ಣದ ಕ್ರೀಮ್ ಬೇಕು ಅಂದಿದ್ದೀರಿ. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಬೇಕರಿಗಳಿಂದ 235 ಕೇಕ್ ಮಾದರಿ ತೆಗೆದು ಪರೀಕ್ಷೆ ಮಾಡಿಸಿತ್ತು. 12ರಲ್ಲಿ ಕೃತಕ ಬಣ್ಣಗಳಿಂದಾಗಿ ಸುರಕ್ಷಿತವಲ್ಲ ಅನ್ನುವ ವರದಿ ಬಂತು. ರೆಡ್ ವೆಲ್ವೆಟ್, ಬ್ಲಾಕ್ ಫಾರೆಸ್ಟ್‌ನಂಥ ಕೇಕುಗಳ ಹೆಸರು ಆಗ ಎಲ್ಲರ ಬಾಯಲ್ಲೂ ಇತ್ತು. 223 ಸರಿ ಇದ್ದವು, ಅದನ್ನೂ ಮರೆಯಬಾರದು. ಕೇಕಿಗೆ ಹಾಕಬಹುದಾದ ಬಣ್ಣಗಳ ಪಟ್ಟಿ ಇದೆ, ಎಷ್ಟು ಹಾಕಬಹುದು ಅನ್ನುವ ಮಿತಿಯೂ ಇದೆ. ತೊಂದರೆ ಏನೆಂದರೆ, ಗಾಢ ಕೆಂಪು, ಗಾಢ ನೀಲಿ, ಕಡು ನೇರಳೆ ಬರಬೇಕಾದರೆ ಬಣ್ಣ ಜಾಸ್ತಿಯೇ ಬೇಕಾಗುತ್ತದೆ. ತಿಳಿ ಗುಲಾಬಿಗೆ ಒಂದೆರಡು ಹನಿ ಸಾಕು. ತಿಂದ ಮಗುವಿನ ನಾಲಿಗೆ ಸಂಜೆಯವರೆಗೂ ನೀಲಿಯಾಗಿದ್ದರೆ ಆ ಅಂಗಡಿಯವರ ಕೈ ಭಾರ ಅಂತ ತಿಳಿಯಿರಿ. ನಾನಾದರೆ ಗುಲಾಬಿಗೆ ಬೀಟ್‌ರೂಟ್ ರಸ ಹಾಕಿಸುತ್ತೇನೆ, ಹಳದಿಗೆ ಮಾವಿನ ರಸ. ಏಪ್ರಿಲ್ ಕೊನೆಗಾದರೆ ಬಾದಾಮಿ ಮಾವು ಬಂದಿರುತ್ತದೆ ಅಲ್ವಾ?

ಯಜಮಾನರ ಆಯ್ಕೆಯ ಪರವಾಗಿಯೂ ನಾನು ಮಾತಾಡಬೇಕು. ಅಯ್ಯಂಗಾರ್ ಬೇಕರಿಯ ಕಪ್ ಕೇಕನ್ನು ಕೆಫೆಯ ಕಪ್ ಕೇಕಿನ ಬಡ ತಂಗಿ ಅಂತ ನೋಡುವವರಿದ್ದಾರೆ. ಅದು ತಪ್ಪು, ಎರಡರ ಮನೆತನವೇ ಬೇರೆ. ಹಾಸನದ ಕಡೆಯಿಂದ ಬಂದ ಅಯ್ಯಂಗಾರ್ ಸಹೋದರರು ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ಶುರು ಮಾಡಿದ್ದು 1898ರಲ್ಲಿ. ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿ ಆಲ್ಬರ್ಟ್ ಬೇಕರಿ ಬಂದಿದ್ದು 1902ರಲ್ಲಿ. ವಿಶ್ವೇಶ್ವರಪುರದ ವಿ.ಬಿ. ಬೇಕರಿ 1953ರದು. ಈ ಊರಿನ ಬೇಕರಿಗಳಲ್ಲಿ ಕಪ್ ಕೇಕ್ ಅಂದರೆ ಟೀ ಜೊತೆ ತಿನ್ನುವ ವಸ್ತು. ಪೇಪರ್ ಕಪ್ಪಿನಲ್ಲಿ ಹಳದಿ ಕೇಕ್, ಮೇಲೆ ಒಂದು ಚೂರು ಗೋಡಂಬಿ ಅಥವಾ ನಾಲ್ಕು ಟುಟಿ ಫ್ರೂಟಿ, ಕೆಂಪಗೆ ಬೆಂದ ನೆತ್ತಿ. ಕ್ರೀಮ್ ಇಲ್ಲ. ಹಾಗಾಗಿ ಅದು ತಪ್ಪಿಸಿಕೊಳ್ಳುವ ಹಾಗಿಲ್ಲ, ಕೇಕೇ ಚೆನ್ನಾಗಿರಬೇಕು.

ಕೆಫೆಯ ಕಪ್ ಕೇಕ್ ಅಮೆರಿಕದ ಸಂಪ್ರದಾಯ. ಸಣ್ಣ ಬಟ್ಟಲುಗಳಲ್ಲಿ ಬೇಯಿಸುವ ಕೇಕಿನ ಮಾತು 1796ರಲ್ಲಿ ಅಲ್ಲಿ ಅಚ್ಚಾದ ಒಂದು ಅಡುಗೆ ಪುಸ್ತಕದಲ್ಲೇ ಇದೆ. ಆದರೆ ತಿಳಿಬಣ್ಣದ ಬಟರ್‌ಕ್ರೀಮ್ ಸುರುಳಿಯ ಈಗಿನ ರೂಪಕ್ಕೆ ಹೆಸರು ತಂದುಕೊಟ್ಟದ್ದು ನ್ಯೂಯಾರ್ಕಿನ ಬ್ಲೀಕರ್ ಸ್ಟ್ರೀಟಿನಲ್ಲಿ 1996ರಲ್ಲಿ ಶುರುವಾದ ಮ್ಯಾಗ್ನೋಲಿಯಾ ಬೇಕರಿ. 2000ದಲ್ಲಿ ಒಂದು ಟಿವಿ ಧಾರಾವಾಹಿಯ ದೃಶ್ಯದಲ್ಲಿ ಕಾಣಿಸಿಕೊಂಡ ಮೇಲೆ ಅದರ ಮುಂದೆ ಉದ್ದುದ್ದ ಸಾಲು ನಿಲ್ಲತೊಡಗಿತು. 2019ರಲ್ಲಿ ನಮ್ಮ ಇಂದಿರಾನಗರಕ್ಕೂ ಬಂತು. ಅಲ್ಲಿ ಕೇಕ್ ಮತ್ತು ಕ್ರೀಮ್ ಸರಿಸಮ ಜೋಡಿ. ಕೇಕ್ ಸ್ವಲ್ಪ ಸಪ್ಪೆ ಅನ್ನಿಸಿದರೂ ಅದು ಬೇಕೆಂದೇ ಮಾಡಿದ್ದು, ಮೇಲಿನ ಸಿಹಿಯನ್ನು ತಡೆದುಕೊಳ್ಳಬೇಕಲ್ಲ. ಅದಕ್ಕೇ ಕ್ರೀಮ್ ತೆಗೆದು ತಿಂದ ಮೇಲೆ ಕೊನೆಗೊಮ್ಮೆ ಎರಡನ್ನೂ ಸೇರಿಸಿ ತಿನ್ನಲೇಬೇಕು. ಕೆಫೆಯದಕ್ಕೆ ಆ ನ್ಯಾಯ ಸಿಗಬೇಕು.

ಬೆಲೆಯ ಲೆಕ್ಕಕ್ಕೆ ಅಡುಗೆಮನೆಯ ತೂಕದ ಯಂತ್ರ ಸಾಕು. ಅವತ್ತು ನಾನು ತೂಗಿದಾಗ ಬೀದಿ ಬೇಕರಿಯದು 38 ಗ್ರಾಂ ಇತ್ತು, ಎಲ್ಲವೂ ಕೇಕ್. ದೊಡ್ಡ ಅಂಗಡಿಯದು 70 ಗ್ರಾಂ, ಅದರಲ್ಲಿ 25 ಕ್ರೀಮ್. ಕೆಫೆಯದು 90, ಅದರಲ್ಲಿ 35 ಬೆಣ್ಣೆಯ ಕ್ರೀಮ್. ನೀವು ಹೇಳಿದ ಬೆಲೆಗೆ ಹಾಕಿ ನೋಡಿ. ಗ್ರಾಮಿಗೆ ಬೀದಿಯದು 66 ಪೈಸೆ, ದೊಡ್ಡ ಅಂಗಡಿಯದು ಒಂದು ರೂಪಾಯಿ 14 ಪೈಸೆ, ಕೆಫೆಯದು ಒಂದು ರೂಪಾಯಿ 78 ಪೈಸೆ. ಕೆಫೆಯದು ಬೀದಿಯದರ ಆರು ಪಟ್ಟಿಗಿಂತ ಜಾಸ್ತಿ ದುಬಾರಿ ಅಂತ ಕಂಡದ್ದು ತೂಕಕ್ಕೆ ಹಾಕಿದಾಗ ಮೂರು ಪಟ್ಟಿಗಿಂತ ಕಡಿಮೆಯಾಯಿತು. ಬೆಣ್ಣೆ, ನಿಜವಾದ ವೆನಿಲ್ಲಾ, ಇಂದಿರಾನಗರದ ಬಾಡಿಗೆ ಸೇರಿದರೆ ಆ ವ್ಯತ್ಯಾಸ ನನಗೆ ಅನ್ಯಾಯ ಅನ್ನಿಸುವುದಿಲ್ಲ. 160 ರೂಪಾಯಿಯದಕ್ಕೆ ಅಷ್ಟು ಬೆಲೆ ಇದೆಯಾ ಅಂದರೆ, ಬೆಣ್ಣೆಯದಾಗಿದ್ದು, ಅವತ್ತೇ ಬೇಯಿಸಿದ್ದಾದರೆ ಇದೆ. ನನಗೆ ದುಬಾರಿ ಅನ್ನಿಸಿದ್ದು ಆ ನಡುವಿನದು. ಪ್ರೀಮಿಕ್ಸ್ ಕೇಕ್, ಪ್ಯಾಕೆಟ್ ಕ್ರೀಮ್, ಎರಡು ದಿನ ಚಿಲ್ಲರ್, ಅದಕ್ಕೆ 80 ರೂಪಾಯಿ. ನೀವು ತಂದ ಅಂಗಡಿ ಹಾಗಿಲ್ಲದೆಯೂ ಇರಬಹುದು. ಮೇಲೆ ಹೇಳಿದ ಪರೀಕ್ಷೆ ಮಾಡಿ ನೋಡಿ.

ಎಗ್‌ಲೆಸ್ ವಿಷಯ ಬೇಗ ಹೇಳಿಬಿಡುತ್ತೇನೆ. ಮೊಟ್ಟೆ ಕೇಕಿಗೆ ಕಟ್ಟು ಕೊಡುತ್ತದೆ, ಗಾಳಿ ಹಿಡಿಯುತ್ತದೆ. ಅದಿಲ್ಲದಾಗ ಮೊಸರಿಗೆ ಸೋಡಾ ಹಾಕಿ ಉಬ್ಬಿಸುತ್ತಾರೆ, ಇಲ್ಲವೇ ಕಂಡೆನ್ಸ್‌ಡ್ ಮಿಲ್ಕ್ ಹಾಕುತ್ತಾರೆ. ಮೊಸರಿನದು ಹಗುರ, ಅವತ್ತೇ ತಿನ್ನಬೇಕು. ಕಂಡೆನ್ಸ್‌ಡ್ ಮಿಲ್ಕಿನದು ಸ್ವಲ್ಪ ಒತ್ತಾಗಿ, ಸಿಹಿಯಾಗಿ ಇರುತ್ತದೆ, ಮರುದಿನಕ್ಕೂ ಚೆನ್ನಾಗಿರುತ್ತದೆ. ಎಗ್‌ಲೆಸ್ ಕೇಕನ್ನು ಮೊಟ್ಟೆ ಕೇಕಿನ ಜೊತೆ ಹೋಲಿಸಬೇಡಿ, ಎಗ್‌ಲೆಸ್ ಜೊತೆಗೇ ಹೋಲಿಸಿ. ಸೋಡಾ ಜಾಸ್ತಿಯಾದರೆ ನಾಲಿಗೆಯ ಹಿಂಭಾಗದಲ್ಲಿ ಸಾಬೂನಿನಂಥ ರುಚಿ ಉಳಿಯುತ್ತದೆ. ಅದೊಂದು ಇಲ್ಲದಿದ್ದರೆ ಆಯಿತು. ಹೆಸರು ಅಯ್ಯಂಗಾರ್ ಬೇಕರಿ ಅಂತಿದ್ದ ಮಾತ್ರಕ್ಕೆ ಎಲ್ಲವೂ ಎಗ್‌ಲೆಸ್ ಅಂದುಕೊಳ್ಳಬೇಡಿ. ಎರಡನ್ನೂ ಮಾಡುವ ಅಂಗಡಿಗಳು ಬೇಕಾದಷ್ಟಿವೆ. ಅತ್ತೆ ಮಾವ ಕಟ್ಟುನಿಟ್ಟು ಅಂದರೆ ಬೀಟರ್, ಟ್ರೇ ಬೇರೆ ಇಟ್ಟಿದ್ದೀರಾ ಅಂತ ನೇರವಾಗಿ ಕೇಳಿ.

ಹಾಗಾದರೆ ನಿಮ್ಮ ಪಾರ್ಟಿಗೆ ಯಾವುದು? ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತೇನೆ. ಮಕ್ಕಳಿಗೆ ಬೀದಿಯ ಅಯ್ಯಂಗಾರ್ ಬೇಕರಿಯಲ್ಲೇ ಕಪ್ ಕೇಕ್ ಹೇಳುತ್ತೇನೆ. ಎರಡು ದಿನ ಮೊದಲೇ ಹೋಗಿ, ಅವತ್ತಿನ ಮಧ್ಯಾಹ್ನದ ಭಟ್ಟಿಯಲ್ಲಿ ಬೇಯಿಸಿ ಕೊಡಿ, ಎಲ್ಲವೂ ಎಗ್‌ಲೆಸ್ ಇರಲಿ ಅಂತ ಕೇಳುತ್ತೇನೆ. ನಲವತ್ತು ಮಕ್ಕಳಿಗೆ ಐವತ್ತು ಹೇಳಿ, ದೊಡ್ಡವರೂ ಕೈ ಹಾಕುತ್ತಾರೆ. 1,250 ರೂಪಾಯಿ ಆಗುತ್ತದೆ. ಆರು ವರ್ಷದ ಮಗುವಿಗೆ 38 ಗ್ರಾಂ ಸರಿಯಾದ ಅಳತೆ. 90 ಗ್ರಾಮಿನದು ಕೊಟ್ಟರೆ ಕ್ರೀಮ್ ನೆಕ್ಕಿ ಕೇಕ್ ಬಿಟ್ಟು ಓಡುತ್ತಾರೆ, ಎಷ್ಟೋ ಪಾರ್ಟಿಗಳಲ್ಲಿ ನೋಡಿದ್ದೇನೆ.

ಮಗಳ ಬಣ್ಣದ ಆಸೆಗೆ, ಮನೆಯಲ್ಲೇ ಒಂದು ಬಟ್ಟಲು ಐಸಿಂಗ್ ಮಾಡಿ. ಕಾಲು ಕೆ.ಜಿ. ಉಪ್ಪಿಲ್ಲದ ಬೆಣ್ಣೆ, ಅರ್ಧ ಕೆ.ಜಿ. ಜರಡಿ ಹಿಡಿದ ಸಕ್ಕರೆ ಪುಡಿ, ಎರಡು ಚಮಚ ಹಾಲು, ಒಂದು ಚಿಟಿಕೆ ಉಪ್ಪು. ಎತ್ತರಕ್ಕೆ ಸುರುಳಿ ಸುತ್ತಬೇಡಿ. ಚಮಚದ ಬೆನ್ನಿನಿಂದ ತೆಳ್ಳಗೆ ಸವರಿ, ಒಂದಕ್ಕೆ 15 ಗ್ರಾಂ ಸಾಕು. ತೆಳ್ಳಗಿದ್ದರೆ ಕರಗಿದರೂ ಹರಿಯುವುದಿಲ್ಲ. ಅರ್ಧಕ್ಕೆ ಬೀಟ್‌ರೂಟ್ ರಸ ಸೇರಿಸಿ ಗುಲಾಬಿ ಮಾಡಿ, ಅರ್ಧ ಹಾಗೇ ಬಿಡಿ. ರಸ ಒಂದೆರಡು ಚಮಚಕ್ಕಿಂತ ಜಾಸ್ತಿ ಹಾಕಿದರೆ ಐಸಿಂಗ್ ನೀರಾಗುತ್ತದೆ. ಅದಕ್ಕೇ ರಸವನ್ನು ಮೊದಲು ಸಣ್ಣ ಉರಿಯಲ್ಲಿ ಕಾಯಿಸಿ ಗಟ್ಟಿ ಮಾಡಿ, ಪೂರ್ತಿ ಆರಿಸಿಕೊಳ್ಳಿ. ಸವರುವ ಕೆಲಸಕ್ಕೆ ಮಗಳನ್ನೂ ಕೂರಿಸಿಕೊಳ್ಳಿ.

ನಿಮಗೆ ಇಷ್ಟವಾದ ಕೆಫೆಯದನ್ನು ಬಿಡಬೇಡಿ. ಆರು ತಂದು ಮನೆಯವರಿಗೆ, ಹತ್ತಿರದ ಸ್ನೇಹಿತರಿಗೆ ಅಂತ ಒಳಗಿಟ್ಟುಕೊಳ್ಳಿ. ಮಕ್ಕಳೆಲ್ಲಾ ಹೋದ ಮೇಲೆ, ರಾತ್ರಿ ಊಟ ಮುಗಿದ ಮೇಲೆ ತಿನ್ನಿ. ಊಟಕ್ಕೆ ಕೂರುವಾಗ ಫ್ರಿಜ್ಜಿನಿಂದ ತೆಗೆದಿಟ್ಟರೆ ಆ ಹೊತ್ತಿಗೆ ಸರಿಯಾಗಿರುತ್ತದೆ. ಮನೆಯಲ್ಲಿ ಮಾಡಿಕೊಡುವವರನ್ನೂ ಕೈಬಿಡಬೇಡಿ. ಅವರ ಒಂದು ಕೇಕನ್ನು ಹೋಳು ಮಾಡಿ, ನಡುಭಾಗ ಕುಸಿದಿಲ್ಲ, ಎಸೆನ್ಸ್ ಹೊಡೆಯುತ್ತಿಲ್ಲ ಅಂತಾದರೆ, ಅತ್ತೆ ಮಾವನ ಮದುವೆ ವಾರ್ಷಿಕೋತ್ಸವಕ್ಕೋ ದೀಪಾವಳಿಗೋ ಹತ್ತಿಪ್ಪತ್ತು ಹೇಳಿ. ಅಷ್ಟು ಸಣ್ಣ ಲೆಕ್ಕದಲ್ಲಿ ಅವರ ಕೈ ಅತ್ಯುತ್ತಮವಾಗಿ ಓಡುತ್ತದೆ. ಒಂದೇ ಮನೆಯ ಓವನಿನಲ್ಲಿ ಒಂದೇ ಮಧ್ಯಾಹ್ನ ಐವತ್ತು ಬೇಯಿಸಬೇಕಾದರೆ ಮೊದಲ ಟ್ರೇ ಆರುವಷ್ಟರಲ್ಲಿ ಕೊನೆಯದು ಇನ್ನೂ ಹಿಟ್ಟಾಗಿ ಕಾಯುತ್ತಿರುತ್ತದೆ. ಹಾಗೆ ಕಾದ ಹಿಟ್ಟು ಉಬ್ಬುವ ಶಕ್ತಿ ಕಳೆದುಕೊಳ್ಳುತ್ತದೆ.

ಬೇಕರಿಯಿಂದ ತರುವಾಗ ಬಿಸಿ ಪೂರ್ತಿ ಆರಿದೆಯಾ ಅಂತ ಕೈ ಹಿಂಭಾಗದಿಂದ ಮುಟ್ಟಿ ನೋಡಿ, ಆಮೇಲೆ ಡಬ್ಬಿ ಮುಚ್ಚಿಸಿ. ಸ್ಕೂಟರಿನಲ್ಲಿ ತರುವುದಾದರೆ ಡಬ್ಬಿಯ ತುಂಬಾ ಒತ್ತೊತ್ತಾಗಿ ಜೋಡಿಸಲು ಹೇಳಿ, ಖಾಲಿ ಜಾಗ ಇದ್ದರೆ ಉರುಳುತ್ತವೆ. ಐಸಿಂಗ್ ಸವರುವ ಕೆಲಸ ಮೂರೂವರೆಗೆ ಶುರು ಮಾಡಿ, ಅದಕ್ಕೆ ಮೊದಲು ಬೇಡ. ಟೆರೇಸಿಗೆ ಒಂದೇ ಸಲ ಐವತ್ತೂ ಒಯ್ಯದೆ, ಹತ್ತು ಹತ್ತಾಗಿ ತಟ್ಟೆಯಲ್ಲಿ ಕಳಿಸಿ.